ಯಾವ ಪಿಚ್ಚರಿನ ಹಾಡಪ್ಪಾ ಇದು?

ಹೋದ ವರ್ಷ ಅಕ್ಟೋಬರ್ ಕೊನೆಯ ಮಾತು. ಮೈಸೂರಿನ ನಮ್ಮ ಬಡಾವಣೆಯ ರಾಜ್ಯೋತ್ಸವ ಸಮಿತಿಯ ಸಭೆ, ಗಣಪತಿ ಗುಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಶಾಮಿಯಾನದವನಿಗೆ ಅಡ್ವಾನ್ಸು, ಊಟಕ್ಕೆ ಬಿಸಿಬೇಳೆಬಾತೋ ಪಲಾವೋ ಎಂಬ ವಾರ್ಷಿಕ ಜಗಳ, ಮೆರವಣಿಗೆಗೆ ಡೊಳ್ಳಿನವರು, ಎಲ್ಲ ಮುಗಿದು ಏಳುವ ಹೊತ್ತಿಗೆ ನಾಲ್ಕನೇ ಕ್ರಾಸಿನ ಹುಡುಗನೊಬ್ಬ ಬಾಗಿಲಲ್ಲಿ ನಿಂತಿದ್ದ. ಬೆನ್ನಿಗೆ ಉದ್ದನೆಯ ಕಪ್ಪು ಚೀಲ.

"ಅಂಕಲ್, ನಮ್ದೊಂದು ಬ್ಯಾಂಡ್ ಇದೆ. ಆರ್ಕೆಸ್ಟ್ರಾ ಶುರುವಾಗೋಕ್ ಮುಂಚೆ ಒಂದೇ ಒಂದ್ ಹಾಡು ಹಾಡ್ಲಾ?"

"ಹಾಡಪ್ಪ, ಅದಕ್ಕೇನಂತೆ. ಯಾವ ಪಿಚ್ಚರಿಂದು?"

"ಪಿಚ್ಚರಿಂದಲ್ಲ ಅಂಕಲ್. ನಮ್ದೇ."

ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ. ಎಂಥ ಬ್ಯಾಂಡ್ ಎಂದು ಯಾರೋ ಕೇಳಿದರು. ಇಂಡಿ ರಾಕ್ ಎಂದ. ನಮ್ಮ ಖಜಾಂಚಿಗಳು ತುಂಬಾ ಗಂಭೀರವಾಗಿ, "ಇಂಡಿ ಅಂದ್ರೆ ವಿಜಯಪುರ ಜಿಲ್ಲೆಯ ಲಿಂಬೆಹಣ್ಣಿನ ಇಂಡಿನಾ? ಅಷ್ಟು ದೂರದಿಂದ ಬರ್ತಾರಾ?" ಎಂದರು. ಹುಡುಗ ನಗು ತಡೆದುಕೊಂಡ. ಕಂಪನಿ ಇಲ್ಲ, ಸಿನಿಮಾ ಇಲ್ಲ, ನಾವೇ ಬರೆದು ನಾವೇ ನುಡಿಸೋದು ಅಂತ ವಿವರಿಸಿದ. ಕೊನೆಗೆ ಒಬ್ಬರು, "ಸ್ವಂತ ಹಾಡನ್ನ ಜನ ಕೂತ್ಕೊಂಡು ಕೇಳ್ತಾರೇನೋ? ಒಂದು ಅಣ್ಣಾವ್ರ ಹಾಡು ಹೇಳ್ಬಿಡು, ಸಾಕು. ನಿಂದು ಮುಂದಿನ ವರ್ಷ ನೋಡೋಣ" ಎಂದು ಸಾಗಹಾಕಿದರು.

ಹಾಗೆ ಸಾಗಹಾಕಿದವನು ನಾನೇ. ಈ ಮನವಿ ಬರೆಯುತ್ತಿರುವುದೂ ಅದಕ್ಕೇ.

ಹುಡುಗ ಅಣ್ಣಾವ್ರ ಹಾಡು ಹಾಡಲಿಲ್ಲ, ಬರಲೂ ಇಲ್ಲ. ಜನವರಿಯಲ್ಲಿ ಒಂದು ಗುರುವಾರ ರಸ್ತೆಯಲ್ಲಿ ಸಿಕ್ಕಿದ. "ನಾಳೆ ನಮ್ಮ ಮೊದಲ ಸಿಂಗಲ್ ಬರ್ತಿದೆ ಅಂಕಲ್" ಅಂದ. ಸಿಂಗಲ್ ಎಂದರೆ ಒಂಟಿ ಹಾಡು. ಹಿಂದೆ ಪುಟ್ಟ ಗ್ರಾಮಫೋನ್ ತಟ್ಟೆಯಲ್ಲಿ ಬರುತ್ತಿದ್ದದ್ದು ಈಗ ಫೋನಿನಲ್ಲಿ ಬರುತ್ತದೆ, ಹೆಸರು ಮಾತ್ರ ಹಳೆಯದೇ ಉಳಿದಿದೆ. ಶುಕ್ರವಾರವೇ ಯಾಕಪ್ಪ, ಲಕ್ಷ್ಮಿ ವಾರ ಅಂತಲೋ ಎಂದು ಕೇಳಿದೆ. 2015ರಿಂದ ಜಗತ್ತಿನ ಹೊಸ ಹಾಡುಗಳು ಹೆಚ್ಚಾಗಿ ಬಿಡುಗಡೆಯಾಗುವುದು ಶುಕ್ರವಾರವೇ ಅಂತೆ. ಪಾಪಪ್ರಜ್ಞೆಯೋ ಕುತೂಹಲವೋ, ಎಲ್ಲಿ ಮಾಡಿದಿರಿ ತೋರಿಸು ಎಂದು ಅವನ ಹಿಂದೆಯೇ ಹೋದೆ.

ಮಹಡಿಯ ಮೇಲಿನ ಹತ್ತಡಿ ಕೋಣೆ. ಗೋಡೆಗಳಿಗೆ ಹಳೆಯ ರಜಾಯಿಗಳನ್ನು ಮೊಳೆ ಹೊಡೆದು ನೇತುಹಾಕಿದ್ದರು. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದಂತೆ. ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕ ಎರಡು ತೂತಿನ ಒಂದು ಸಣ್ಣ ಪೆಟ್ಟಿಗೆ. ಒಂದಕ್ಕೆ ಗಿಟಾರು, ಇನ್ನೊಂದಕ್ಕೆ ಮೈಕು. ಒಂದು ಸಲಕ್ಕೆ ಎರಡೇ ಸದ್ದು ಹಿಡಿಯಬಹುದಾದ್ದರಿಂದ ನಾಲ್ವರೂ ಒಟ್ಟಿಗೆ ನುಡಿಸುವ ಹಾಗಿಲ್ಲ. ಕಿವಿಯಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಯಂತ್ರ ಕೇಳಿಸಿಕೊಂಡು ಒಬ್ಬೊಬ್ಬರೇ ಬಂದು ನುಡಿಸಿ ಹೋಗಬೇಕು. ಡ್ರಮ್ಮಿಗೆ ಮಾತ್ರ ಒಂದು ಸ್ಟುಡಿಯೋದಲ್ಲಿ ನಾಲ್ಕು ಗಂಟೆ ಬಾಡಿಗೆ ಕೊಟ್ಟಿದ್ದಾರೆ. ಹಾಡುಗಾರ ಹಾಡಿದ್ದು ರಾತ್ರಿ ಎರಡು ಗಂಟೆಯ ಮೇಲೆ. ಹಗಲು ಹೊತ್ತು ಕೆಳಗಿನ ಮನೆಯ ಕುಕ್ಕರ್ ಕೂಗುತ್ತದೆ, ಸಂಜೆ ಪಾರಿವಾಳ. ಅತ್ಯುತ್ತಮವಾಗಿ ಬಂದಿದ್ದ ಒಂದು ಟೇಕಿನ ನಡುವೆ ಮೂರನೇ ವಿಷಲ್ ಬಿದ್ದುಹೋಗಿದೆಯಂತೆ. ಅದನ್ನು ಅಳಿಸಲು ಮನಸ್ಸಾಗದೆ ಹಾಗೆಯೇ ಇಟ್ಟುಕೊಂಡಿದ್ದಾರೆ. ನನಗೂ ಕೇಳಿಸಿದರು.

ಹಾಡು ಬಾಡಿಗೆ ಮನೆ ಹುಡುಕುವುದರ ಮೇಲೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ಗೆಳೆಯ 'ಮನೆ ಬಾಡಿಗೆಗಿದೆ' ಬೋರ್ಡು ನೋಡಿ ಬೆಲ್ಲು ಒತ್ತುತ್ತಾನೆ. ಹತ್ತು ತಿಂಗಳ ಅಡ್ವಾನ್ಸು, ಯಾವ ಕಡೆಯವರು, ವೆಜ್ಜಾ ನಾನ್‌ವೆಜ್ಜಾ, ರಾತ್ರಿ ಎಷ್ಟು ಗಂಟೆಗೆ ಬರ್ತೀರಾ. ಪಲ್ಲವಿಯೇ ಮನೆ ಮಾಲೀಕನ ಪ್ರಶ್ನೆಗಳು. ನಮ್ಮ ಸಮಿತಿಯಲ್ಲಿ ಎರಡು ಮಹಡಿ ಬಾಡಿಗೆಗೆ ಬಿಟ್ಟವರೊಬ್ಬರಿದ್ದಾರೆ. ಆಮೇಲೆ ಇದನ್ನು ಕೇಳಿ, "ನನ್ನ ಮೇಲೇ ಕಟ್ಟಿದ ಹಾಡು" ಎಂದು ಇವತ್ತಿಗೂ ಮುನಿಸಿಕೊಂಡಿದ್ದಾರೆ.

ರಾಕ್ ನನ್ನ ಕಿವಿಗೆ ಒಗ್ಗಿದ ಸಂಗೀತವಲ್ಲ. ಆದರೆ ಭಾಷೆಯ ವಿಚಾರದಲ್ಲಿ ಆ ಹುಡುಗರು ಬಿಡಿಸಿದ ಗಂಟನ್ನು ನೋಡಿ ನಾನು ನಿಜಕ್ಕೂ ಬೆರಗಾದೆ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ: ಮರ, ಮಳೆ, ಬಾಗಿಲು, ಬಂದೆ, ಹೋದರು. ಇಂಗ್ಲಿಷಿನಲ್ಲಿ ರಾಕ್ ಹಾಡುವವನಿಗೆ ಸಾಲಿನ ತುದಿಯಲ್ಲಿ ಟಕ್ಕೆಂದು ಬಾಗಿಲು ಹಾಕುವ ವ್ಯಂಜನ ಸಿಗುತ್ತದೆ, ಡ್ರಮ್ಮಿನ ಏಟು ಅದರ ತಲೆಯ ಮೇಲೆ ಬೀಳುತ್ತದೆ. ನಮ್ಮ ಬಾಗಿಲು ಯಾವಾಗಲೂ ಅರ್ಧ ತೆರೆದೇ ಇರುತ್ತದೆ. ಎಳೆದರೆ ಭಾವಗೀತೆಯಾಗುತ್ತದೆ, ಕತ್ತರಿಸಿದರೆ ಕನ್ನಡ ಹೋಗಿ ಕಂಗ್ಲಿಷ್ ರಾಗವಾಗುತ್ತದೆ. ಈ ಹುಡುಗರು ಏಟನ್ನು ಸಾಲಿನ ಕೊನೆಯಿಂದ ಕಿತ್ತು ಒತ್ತಕ್ಷರದ ಮೇಲೆ ಇಟ್ಟಿದ್ದಾರೆ. ಕೊಟ್ಟು, ಬಿಟ್ಟು, ಹತ್ತು, ಒಪ್ಪಲ್ಲ. ಡ್ರಮ್ಮಿನ ಪೆಟ್ಟು ಒತ್ತಿನ ಮೇಲೆ ಬೀಳುತ್ತದೆ, ಕೊನೆಯ ಸ್ವರ ಗಿಟಾರಿನ ಜೊತೆ ತೇಲಿಹೋಗುತ್ತದೆ. ಜೊತೆಗೆ ಮೈಸೂರಿನ ಆಡುಮಾತೇ ಸ್ವರಗಳನ್ನು ನುಂಗಿ ಅವರಿಗೆ ನೆರವಾಗಿದೆ: 'ಬಂದ್ಬಿಟ್ಟ', 'ಕೇಳ್ಕೊಂಡ್ ಬಾ'. ಯಾರೂ ಪಾಠ ಹೇಳಿಕೊಟ್ಟದ್ದಲ್ಲ. ಆರು ತಿಂಗಳು ತಪ್ಪಾಗಿ ಹಾಡಿ ಹಾಡಿ ಕಂಡುಕೊಂಡದ್ದು. ಛಂದಸ್ಸಿನ ಮೇಷ್ಟರು ಯಾರಾದರೂ ಇದನ್ನು ಕೇಳಬೇಕು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಯಾವ ಪಿಚ್ಚರಿಂದು?

ನವೆಂಬರ್ 1ರ ಬೆಳಗ್ಗೆ ಬಾವುಟ ಏರಿಸಿ ನಾವೆಲ್ಲ ಎದ್ದು ನಿಂತು ಹಾಡುವ ನಾಡಗೀತೆ ಯಾವ ಪಿಚ್ಚರಿಂದು? ಕುವೆಂಪು ಬರೆದದ್ದು, 2004ರಲ್ಲಿ ನಾಡಗೀತೆಯಾಯಿತು, 2022ರಲ್ಲಿ ಸರ್ಕಾರ ಆದೇಶ ಹೊರಡಿಸಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದೊಳಗೆ ಹಾಡಬೇಕು ಎಂದಿತು. ಅನಂತಸ್ವಾಮಿ ಯಾವ ಸಿನಿಮಾಕ್ಕೂ ಕಾಯದೆ ಕವಿತೆಗಳಿಗೆ ಸ್ವರ ಹಾಕಿ ಹಾರ್ಮೋನಿಯಂ ಹಿಡಿದು ಊರೂರು ತಿರುಗಿದವರು. ಅವರು ರಾಗ ಹಾಕಿದ ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂತು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು. ಅದಕ್ಕೂ ಮುಂಚೆ ಪಿ. ಕಾಳಿಂಗರಾಯರು ಕವಿತೆಗಳನ್ನು ವೇದಿಕೆ ವೇದಿಕೆಗೆ ಹೊತ್ತು ತಿರುಗಿದರು. ಸಿ. ಅಶ್ವತ್ಥ್ ಸರ್ಕಾರಿ ಟೆಲಿಫೋನ್ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಸ್ವರ ಕಟ್ಟಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ 'ಕನ್ನಡವೇ ಸತ್ಯ'ಕ್ಕೆ ಸೇರಿದ ಜನಸಾಗರವನ್ನು ನೋಡಿದವರು ಇನ್ನೂ ಅದರ ಮಾತಾಡುತ್ತಾರೆ. ಸಿನಿಮಾದ ಹಂಗಿಲ್ಲದ ಹಾಡು ಎಂಬುದು ಈ ಹುಡುಗರು ಎಲ್ಲಿಂದಲೋ ತಂದ ಪದಾರ್ಥವಲ್ಲ. 'ಇಂಡಿ' ಎಂಬ ಪದವಷ್ಟೇ ಹೊಸದು. ಆ ಹಾಡುಗಳು ಬೆಳೆದದ್ದು ಗಣಪತಿ ಪೆಂಡಾಲಿನಲ್ಲಿ, ರಾಮನವಮಿ ಚಪ್ಪರದಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ, ಅಂದರೆ ನಮ್ಮಂಥ ಸಮಿತಿಗಳ ಕೈಯಲ್ಲಿ.

ಗಿಟಾರು, ಡ್ರಮ್ಮು ನಮ್ಮ ಸಂಸ್ಕೃತಿಯಲ್ಲ ಎನ್ನುವವರು ನಮ್ಮ ಸಮಿತಿಯಲ್ಲೂ ಇದ್ದರು. ಮೈಸೂರಿನಲ್ಲಿ ನಿಂತು ಈ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಇದೇ ಊರಿನ ಅರಮನೆಯಲ್ಲಿ ಕರ್ನಾಟಕ ಬ್ಯಾಂಡಿನ ಜೊತೆಗೇ ಇಂಗ್ಲಿಷ್ ಬ್ಯಾಂಡ್ ಇತ್ತು, ಜರ್ಮನಿಯ ಆಟೋ ಶ್ಮಿಟ್ ಅದನ್ನು ನಡೆಸುತ್ತಿದ್ದರು. ಹುಡುಗನಾಗಿದ್ದಾಗ ಅರಮನೆ ಬ್ಯಾಂಡಿನ ಸ್ಯಾಕ್ಸಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಮುಂದೆ ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ಜಯಚಾಮರಾಜೇಂದ್ರ ಒಡೆಯರು 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಯಾರೂ ಕೇಳುವವರಿಲ್ಲದೆ ಕೂತಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳು ಧ್ವನಿಮುದ್ರಣವಾಗುವಂತೆ ತಮ್ಮ ದುಡ್ಡು ಕೊಟ್ಟರು. ಆತ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಅರಸರು ಅಷ್ಟು ದೂರದವನ ಹಾಡು ಕೇಳಿಸಿಕೊಂಡರು. ನಮಗೆ ನಾಲ್ಕನೇ ಕ್ರಾಸು ದೂರವಾಯಿತು. ಶರೀಫರ ತತ್ವಪದಗಳನ್ನು ಗಿಟಾರಿಗೆ ಕೂರಿಸಿ ಊರಾಚೆ ದಾಟಿಸಿದ ರಘು ದೀಕ್ಷಿತ್ ಕೂಡ ಮೈಸೂರಲ್ಲಿ ಬೆಳೆದ ಹುಡುಗನೇ.

ದುಡ್ಡಿನ ಲೆಕ್ಕ ಕೇಳಿದಾಗ ನನಗೆ ತಲೆ ತಿರುಗಿತು. ಸ್ಪಾಟಿಫೈಯಲ್ಲಿ ಹಾಡನ್ನು ಮೂವತ್ತು ಸೆಕೆಂಡಾದರೂ ಕೇಳದಿದ್ದರೆ ಅದು ಲೆಕ್ಕಕ್ಕಿಲ್ಲ. 2024ರಿಂದ ಇನ್ನೊಂದು ನಿಯಮ: ಹನ್ನೆರಡು ತಿಂಗಳಲ್ಲಿ ಒಂದು ಹಾಡು ಕನಿಷ್ಠ 1,000 ಸಲ ಕೇಳಿಕೆಯಾಗಬೇಕು. 999 ಆದರೆ ಬಿಡಿಗಾಸೂ ಇಲ್ಲ. ಸಾವಿರ ದಾಟಿದರೂ ಬರುವುದು ಡ್ರಮ್ ಸ್ಟುಡಿಯೋದ ಬಾಡಿಗೆಗೆ ಎಟುಕುವ ಮೊತ್ತವೇನಲ್ಲ. ಆದರೂ ಆ ಸಾವಿರ ಎಂಬುದು ನಮ್ಮ ಕೈಯಳತೆಯ ಸಂಖ್ಯೆ. ಇನ್ನೂರೈವತ್ತು ಜನ ನಾಲ್ಕು ನಾಲ್ಕು ಸಲ ಕೇಳಿದರೆ ಆಯಿತು. ನಮ್ಮ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಅದಕ್ಕಿಂತ ಹೆಚ್ಚು ಜನ ನಿಂತಿರುತ್ತಾರೆ.

1977ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಜ್‌ಕಾಕ್ಸ್ ಎಂಬ ಬ್ಯಾಂಡು ಯಾವ ಕಂಪನಿಗೂ ಕಾಯದೆ ಮನೆಯವರು, ಗೆಳೆಯರ ಹತ್ತಿರ 500 ಪೌಂಡು ಸಾಲ ಮಾಡಿ ತನ್ನ ಮೊದಲ ತಟ್ಟೆಯನ್ನು ತಾನೇ ಹೊರತಂದಿತು. ಸಾವಿರ ಪ್ರತಿ ಒತ್ತಿಸಿದ್ದು, ಕೊನೆಗೆ ಹದಿನಾರು ಸಾವಿರದಷ್ಟು ಹೋಯಿತು. ಇವತ್ತು ಇಂಡಿ ಎನ್ನುವುದರ ಕತೆ ಹೇಳುವವರೆಲ್ಲ ಆ ಸಾಲದಿಂದಲೇ ಶುರುಮಾಡುತ್ತಾರೆ. ಮೊದಲ ಹಾಡಿಗೆ ಬೇಕಾಗುವುದು ಹತ್ತಿರದವರ ನಂಬಿಕೆ. ಅಪರಿಚಿತರು ಎರಡನೆಯದಕ್ಕೆ ಬರುತ್ತಾರೆ.

ಬೆಂಗಳೂರಿನಲ್ಲಿ ಬ್ಯಾಂಡುಗಳಿಗೆ ಜಾಗ ಇಲ್ಲವೇ ಎನ್ನಬಹುದು. ಇದೆ, ಹೆಚ್ಚಾಗಿ ಪಬ್ಬುಗಳಲ್ಲಿ. ಅಲ್ಲಿ ಹುಡುಗನ ಅಜ್ಜಿ ಹೋಗಿ ಕೂರುವಂತಿಲ್ಲ, ತಂಗಿಯನ್ನು ಬಿಡುವುದಿಲ್ಲ. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್‌ನಂಥ ಬ್ಯಾಂಡು 1996ರಿಂದ ಅದೇ ಊರಲ್ಲಿ ಸ್ವಂತ ಹಾಡುಗಳನ್ನೇ ಹಾಡಿಕೊಂಡು ಬಂದಿದೆ. ಕಾವೇರಿಯ ಮೇಲೆ ಹಾಡು ಕಟ್ಟಿದ ಸ್ವರಾತ್ಮದವರೂ ಅಲ್ಲಿಯವರೇ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ದೇಶದ ಮೂಲೆಮೂಲೆಯಿಂದ ಜನ ಬಂದರು. ಕೇಳುವ ಕಿವಿಗಳಿಗೇನೂ ಬರವಿಲ್ಲ. ಬರ ಇರುವುದು ಮನೆಮಂದಿಯೆಲ್ಲ ಕೂತು ಕೇಳುವ, ಟಿಕೆಟ್ ಇಲ್ಲದ, ಕನ್ನಡದ ವೇದಿಕೆಗೆ. ಅಂಥ ವೇದಿಕೆ ರಾಜ್ಯದ ಬೀದಿಬೀದಿಯಲ್ಲಿ ನವೆಂಬರ್ ತಿಂಗಳಿಡೀ ಎದ್ದು ನಿಂತಿರುತ್ತದೆ, ಹಳದಿ ಕೆಂಪು ಬಟ್ಟೆ ಸುತ್ತಿಕೊಂಡು.

ಆದ್ದರಿಂದ ಕನ್ನಡ ಸಂಘಗಳಲ್ಲಿ, ಬಡಾವಣೆ ಸಮಿತಿಗಳಲ್ಲಿ, ಆಟೋ ನಿಲ್ದಾಣದ ಬಳಗಗಳಲ್ಲಿ, ಕಾರ್ಖಾನೆಯ ಲಲಿತಕಲಾ ಸಂಘಗಳಲ್ಲಿ ಇರುವ ನಿಮ್ಮೆಲ್ಲರಲ್ಲಿ ನನ್ನ ಕೋರಿಕೆ ಇದು: ಈ ಸಲದ ರಾಜ್ಯೋತ್ಸವದಲ್ಲಿ ಹದಿನೈದು ನಿಮಿಷ ಬಿಡಿ. ನಿಮ್ಮ ಊರಿನ, ಸಾಧ್ಯವಾದರೆ ನಿಮ್ಮ ಬೀದಿಯ ಹುಡುಗ ಹುಡುಗಿಯರ ಬ್ಯಾಂಡು ಬಂದು ತಾವೇ ಬರೆದ ಕನ್ನಡ ಹಾಡು ಹಾಡಲಿ. ಆರ್ಕೆಸ್ಟ್ರಾ ಬೇಡ ಎನ್ನುತ್ತಿಲ್ಲ. ಅಣ್ಣಾವ್ರ ಹಾಡಿಲ್ಲದ ರಾಜ್ಯೋತ್ಸವಕ್ಕೆ ನಾನೂ ಬರುವವನಲ್ಲ.

ಆ ಹದಿನೈದು ನಿಮಿಷ ಎಲ್ಲಿ ಇಡುತ್ತೀರಿ ಎಂಬುದು ಮುಖ್ಯ. ಸಂಜೆ ಐದಕ್ಕೆ ಖಾಲಿ ಕುರ್ಚಿಗಳ ಮುಂದೆ ಹಾಡಿಸಬೇಡಿ. ಶಾಸಕರು ಬರುವುದು ತಡವಾದಾಗ ತೂತು ಮುಚ್ಚಲು ಕರೆಯಬೇಡಿ. ಸನ್ಮಾನಗಳು ಮುಗಿದು ಆರ್ಕೆಸ್ಟ್ರಾ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಜನ ಜಾಗ ಹಿಡಿದು ಕೂತ ಹೊತ್ತಿನಲ್ಲಿ ಹಾಡಿಸಿ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಈಗ ರಿದಂ ಪ್ಯಾಡೇ ಹೆಚ್ಚು, ನಿಜವಾದ ಡ್ರಮ್ ಸೆಟ್ ಇರುವುದು ಅಪರೂಪ. ಹಾಗಾಗಿ ಸೌಂಡಿನವರಿಗೆ ಮೊದಲೇ ಹೇಳಿ ಡ್ರಮ್ಮಿಗೆ ಮೂರು ಮೈಕು, ಹಾಡಲು ಎರಡು ಮೈಕು ಇಡಿಸಿ. ಮಧ್ಯಾಹ್ನ ನಾಲ್ಕು ಗಂಟೆಗೆ ಇಪ್ಪತ್ತು ನಿಮಿಷ ಸೌಂಡ್ ಚೆಕ್ಕಿಗೆ ಬಿಡಿ. ಇಷ್ಟು ಮಾಡದೆ ವೇದಿಕೆ ಹತ್ತಿಸಿದರೆ ಮೈಕು ಕೀಂಯ್ ಅನ್ನುತ್ತದೆ, ಜನ ಕಿವಿ ಮುಚ್ಚಿಕೊಳ್ಳುತ್ತಾರೆ, ಕೆಟ್ಟ ಹೆಸರು ಹುಡುಗರಿಗೆ ಬರುತ್ತದೆ.

ದುಡ್ಡು ಕೊಡಿ. ಶಾಲು, ಹಾರ, ಫಲಕ ಕೊಟ್ಟು ಕಳಿಸಬೇಡಿ; ಫಲಕವನ್ನು ಮಾರಿ ಗಿಟಾರಿನ ತಂತಿ ಕೊಳ್ಳಲಾಗುವುದಿಲ್ಲ. ನಮ್ಮ ಸಮಿತಿಯಲ್ಲಿ ಸನ್ಮಾನದ ಪಟ್ಟಿಯಿಂದ ಎಂಟು ಶಾಲು ಕಡಿಮೆ ಮಾಡಿದ್ದೇವೆ. ಯಾರಿಗೆ ಶಾಲು ತಪ್ಪಿತು ಎಂಬ ಚರ್ಚೆ ಬೇರೆಯೇ ಲೇಖನಕ್ಕೆ ಆಗುವಷ್ಟಿದೆ, ಬಿಡಿ.

ಹೆಸರನ್ನು ಸರಿಯಾಗಿ ಹೇಳಿ. 1902ರಲ್ಲಿ, ನಮ್ಮ ದೇಶದ ಮೊದಮೊದಲ ಧ್ವನಿಮುದ್ರಣಗಳಲ್ಲಿ ಹಾಡಿದ ಗೌಹರ್ ಜಾನ್ ಮೂರು ನಿಮಿಷದ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು, ದೂರದ ಜರ್ಮನಿಯ ಕಾರ್ಖಾನೆಯಲ್ಲಿ ತಟ್ಟೆಗೆ ಚೀಟಿ ಅಂಟಿಸುವವರಿಗೆ ತಿಳಿಯಲಿ ಎಂದು. ಆಕೆಯ ಕೊನೆಯ ದಿನಗಳು ಕಳೆದದ್ದು ಮೈಸೂರು ಆಸ್ಥಾನದಲ್ಲಿ, 1930ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ನಿಮ್ಮ ನಿರೂಪಕರಿಗೂ ಒಂದು ಚೀಟಿ ಬರೆದುಕೊಡಿ: ಬ್ಯಾಂಡಿನ ಹೆಸರು, ಹಾಡಿನ ಹೆಸರು, ಬರೆದವರ ಹೆಸರು, ಹಾಡಿಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ. 'ಈಗ ನಮ್ಮ ಬಡಾವಣೆಯ ಯುವಕರಿಂದ ಒಂದು ಗೀತೆ' ಅಂದರೆ ಮನೆಗೆ ಹೋಗಿ ಏನೆಂದು ಹುಡುಕುವುದು?

ಸದ್ದಿನ ಬಗ್ಗೆ ಹಿರಿಯರ ಆತಂಕ ನನಗೆ ಅರ್ಥವಾಗುತ್ತದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು ಎಂಬ ನಿಯಮ 2000ದಿಂದಲೂ ಇದೆ, ಅದು ರಾಕ್‌ಗೂ ಒಂದೇ, ಭಜನೆಗೂ ಒಂದೇ. ವಿಸರ್ಜನೆ ಮೆರವಣಿಗೆಯ ಡಿಜೆ ಪೆಟ್ಟಿಗೆಗಳಿಗೆ ಎದೆ ನಡುಗಿಸಿಕೊಂಡೂ ಸುಮ್ಮನಿದ್ದ ನಾವು ಗಿಟಾರಿಗೆ ಮಾತ್ರ ಡೆಸಿಬೆಲ್ ಪಾಠ ಹೇಳುವುದು ಬೇಡ.

ಹಾಡು ಚೆನ್ನಾಗಿಲ್ಲದಿದ್ದರೆ? ಕೆಲವು ಚೆನ್ನಾಗಿರುವುದಿಲ್ಲ. ನಾಲ್ಕನೇ ಕ್ರಾಸಿನವರ ಹಾಡಿನಲ್ಲೂ ಎರಡನೇ ಚರಣ ಸೊರಗಿದೆ, ಗಿಟಾರಿನ ಒಂಟಿ ಓಟ ಅರ್ಧ ನಿಮಿಷ ಹೆಚ್ಚಾಯಿತು. ಅದನ್ನು ಅವರಿಗೇ ಹೇಳಿದೆ. ಒಪ್ಪಿಕೊಂಡರು, ಇಲ್ಲ ಎಂದು ವಾದವನ್ನೂ ಮಾಡಿದರು. ಮುಂದಿನದರಲ್ಲಿ ನೋಡಿ ಅಂಕಲ್ ಎಂದರು. ಹತ್ತು ಜನರ ಮುಂದೆ ಹಾಡದೆ ಯಾವ ಹಾಡೂ ತಿದ್ದಿಕೊಂಡಿಲ್ಲ.

ವೇದಿಕೆ ಕಟ್ಟುವ ಸಮಿತಿಯಲ್ಲಿ ನೀವಿಲ್ಲದಿದ್ದರೆ ನಿಮಗೆ ಇನ್ನೂ ಸುಲಭದ ಕೆಲಸ. ಪರಿಚಯದ ಮಕ್ಕಳು ಮೊದಲ ಹಾಡಿನ ಲಿಂಕ್ ಕಳಿಸಿದಾಗ ಹೆಬ್ಬೆರಳಿನ ಗುರುತು ಒತ್ತಿ ಮುಂದೆ ಹೋಗಬೇಡಿ. ಪೂರ್ತಿ ಕೇಳಿ. ಅನಿಸಿದ್ದನ್ನು ಎರಡು ಸಾಲು ಬರೆಯಿರಿ, ಇಷ್ಟವಾಗದಿದ್ದರೆ ಅದನ್ನೇ ಬರೆಯಿರಿ. ಶಿಕಾಗೋದಲ್ಲೋ ದುಬೈಯಲ್ಲೋ ಕನ್ನಡ ಕೂಟ ನಡೆಸುವವರು ಊರಿಂದ ತಾರೆಯರನ್ನು ಕರೆಸುವ ಖರ್ಚಿನ ಒಂದು ಮೂಲೆಯಲ್ಲಿ ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಬ್ಯಾಂಡಿಗೂ ಜಾಗ ಮಾಡಬಹುದು.

ಆ ಬ್ಯಾಂಡಿನ ಹೆಸರನ್ನು ನಾನು ಬೇಕೆಂದೇ ಇಲ್ಲಿ ಬರೆದಿಲ್ಲ. ಇದು ಅವರ ಜಾಹೀರಾತಲ್ಲ, ಅವರು ಕೇಳಿಯೂ ಇಲ್ಲ. ನಿಮ್ಮ ಕ್ರಾಸಿನ ಯಾವುದೋ ಮಹಡಿಯಲ್ಲಿ ರಜಾಯಿ ನೇತುಹಾಕಿಕೊಂಡವರು ಇದ್ದೇ ಇರುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಕಿಟಕಿ ತೆಗೆದು ನೋಡಿ.

ನಮ್ಮ ಬಡಾವಣೆಯ ಈ ಸಲದ ಕರಪತ್ರ ಅಚ್ಚಿಗೆ ಹೋಗಿದೆ. ಸನ್ಮಾನದ ಕೆಳಗೆ, ಆರ್ಕೆಸ್ಟ್ರಾದ ಮೇಲೆ ಒಂದು ಸಾಲು ಸೇರಿದೆ: 'ರಾತ್ರಿ 7.30ರಿಂದ 7.45: ಸ್ವಂತ ಹಾಡು.' ಬ್ಯಾಂಡಿನ ಹೆಸರು ದಪ್ಪಕ್ಷರದಲ್ಲಿರಲಿ ಎಂದು ಪಟ್ಟು ಹಿಡಿದವರು ಖಜಾಂಚಿಗಳು. ನಿಮ್ಮ ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲದಿದ್ದರೆ ಒಂದು ಸಾಲಿಗೆ ಜಾಗ ಬಿಡಿ.